ಸೋಮವಾರದ ಬೀಗರೂಟ

ನೇರಿಯೊ ಗ್ವಲಾಂದಿಯ ಕ್ಷೌರದಂಗಡಿಗೆ ಬರುವವರೆಲ್ಲ ತಲೆ ಕೊಡುವುದಕ್ಕೇ ಬರುತ್ತಿರಲಿಲ್ಲ. ಬೊಲೊನ್ಯಾದ ಸ್ಟೇಷನ್ನಿನಲ್ಲಿ ಇಳಿದು, ಗಾಲಿಪೆಟ್ಟಿಗೆಯನ್ನು ಗಡಗಡ ಎಳೆದುಕೊಂಡು, ಸಾನ್ ವಿತಾಲೆ ಬೀದಿಯ ಕಮಾನಿನ ಜಗಲಿಯುದ್ದಕ್ಕೂ ನಡೆದು ಬಂದವರು ಗಾಜಿನ ಬಾಗಿಲನ್ನು ಅರ್ಧ ತೆರೆದು ತಲೆ ತೂರಿಸುತ್ತಿದ್ದರು. "ಯಜಮಾನ್ರೇ, ಎರಡು ದಿನ ಇರ್ತೀವಿ. ಊಟ ಎಲ್ಲಿ ಮಾಡ್ಬೇಕು?"

ಆಗ ಕುರ್ಚಿಯಲ್ಲಿ ಕೂತವನ ಗತಿ ಮುಗಿಯಿತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ಮೇಲೆ ನೊರೆ. ನೇರಿಯೊ ಕತ್ತಿ ಹಿಡಿದ ಕೈಯಿಂದಲೇ ದಾರಿ ತೋರಿಸುತ್ತ ಬಾಗಿಲಿಗೆ ಹೋಗಿಬಿಡುತ್ತಿದ್ದ.

"ಎಷ್ಟು ಹೊಟ್ಟೆ? ಮಗು ಎಷ್ಟೊತ್ತಿಗೆ ಮಲಗುತ್ತೆ? ಅಜ್ಜಿಗೆ ಮೆಟ್ಟಿಲು ಹತ್ತೋಕಾಗುತ್ತಾ? ಸರಿ, ಕೇಳಿ. ಇವತ್ತು ದಣಿದಿದೀರಿ, ಇವತ್ತು ಸಾರು. ಲೆಯಾರ್ಕೊ ಹೋಟ್ಲಿಗೆ ಹೋಗಿ, ನೇರಿಯೊ ಕಳಿಸ್ದ ಅನ್ನಿ. ನಾಳೆ ಮಧ್ಯಾಹ್ನ ಪದರ ಪದರದ ಲಸಾನ್ಯ, ಆದ್ರೆ ಬೇರೆ ಕಡೆ. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತ ಕರೆಯೋರ ಹತ್ರ ಮಾತ್ರ ಹೋಗ್ಬೇಡಿ. ಅಡುಗೆ ಚೆನ್ನಾಗಿದ್ರೆ ಅವನು ಒಳಗಿರ್ತಿದ್ದ."

ಇಷ್ಟು ಖಚಿತವಾಗಿ ಅವನು ಹೇಳುವುದಕ್ಕೆ ಒಂದು ಗುಟ್ಟಿತ್ತು. ಸುತ್ತಮುತ್ತಲ ಅಡುಗೆಯವರೆಲ್ಲ ತಲೆ ಕೊಡುತ್ತಿದ್ದದ್ದು ಅವನ ಕೈಗೇ. ಅಡುಗೆಯವನ ಕೂದಲು ಸುಳ್ಳು ಹೇಳುವುದಿಲ್ಲ. ಎಷ್ಟು ತೊಳೆದು ಬಂದರೂ, ಕತ್ತರಿ ಆಡಿಸಿ ಬಾಚಣಿಗೆ ಎಳೆದ ಕೂಡಲೇ ಅವನ ಒಲೆ ಮೂಗಿಗೆ ಬರುತ್ತದೆ. ಹಳೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯುವವನ ಕತ್ತಿನ ಹಿಂದೆ ಕಮಟು. ಪುಡಿ ಹಾಕಿ ಸಾರು ಮಾಡುವವನ ತಲೆಗೆ ವಾಸನೆಯೇ ಇಲ್ಲ. ಲೆಯಾರ್ಕೊನ ಗುಂಗುರು ಕೂದಲಿನಲ್ಲಾದರೋ ಕೋಳಿ, ಮೂಳೆ, ಸೆಲರಿಗಳು ಸಣ್ಣ ಉರಿಯಲ್ಲಿ ಬೆಳಗಿನಿಂದ ಕುದಿದ ಘಮ. ಅವನ ಕೂದಲು ಕತ್ತರಿಸುವಾಗ ನೇರಿಯೊಗೆ ಹಸಿವಾಗುತ್ತಿತ್ತು.

ಹಸಿವಾಗುತ್ತಿತ್ತು, ಅಷ್ಟೇ. ಇಷ್ಟು ವರ್ಷದಲ್ಲಿ ಲೆಯಾರ್ಕೊನ ಹೋಟೆಲಿನೊಳಗೆ ಅವನು ಒಮ್ಮೆಯೂ ಕೂತು ಉಂಡಿರಲಿಲ್ಲ. ಅಲ್ಲಷ್ಟೇ ಅಲ್ಲ, ಊರಿಗೆಲ್ಲ ಹೇಳುತ್ತಿದ್ದ ಯಾವ ಹೋಟೆಲಿನಲ್ಲೂ ಉಂಡಿರಲಿಲ್ಲ. ವಾರವೆಲ್ಲ ಅಂಗಡಿ, ಮಧ್ಯಾಹ್ನ ಬಾಗಿಲು ಎಳೆದು ಮೇಲಿನ ಮನೆಗೆ ಹೋದರೆ ಹೆಂಡತಿ ನೋರ್ಮಾ ಬಿಸಿಬಿಸಿ ಬಡಿಸುತ್ತಿದ್ದಳು. ಭಾನುವಾರ ಮನೆಯ ಊಟ ಬಿಟ್ಟು ಹೊರಗೆ ಹೋಗುವುದೆಂದರೆ ನೋರ್ಮಾಳ ಕೈರುಚಿಗೆ ಅವಮಾನ. ಕ್ಷೌರದವರಿಗೆ ಇನ್ನೊಂದು ರಜೆ ಸೋಮವಾರ. ಸೋಮವಾರ ಹೋಟೆಲುಗಳಿಗೂ ರಜೆ.

"ಊರಿಗೆಲ್ಲ ಜಾತಕ ಹೇಳೋನು ತನ್ನ ಮದುವೆ ಮರೆತನಂತೆ," ಎಂದು ಒರಿಯಾನೊ ಛೇಡಿಸುತ್ತಿದ್ದ. ಒರಿಯಾನೊ ನಿವೃತ್ತ ಬಸ್ ಡ್ರೈವರು. ತಲೆಯಲ್ಲಿ ಒಂದೆಳೆ ಕೂದಲಿಲ್ಲದಿದ್ದರೂ ಕ್ಷೌರದಂಗಡಿಗೆ ದಿನಾ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂರುವುದು ಅವನ ಅಭ್ಯಾಸ.

"ಉಂಡೇ ತಿಳೀಬೇಕು ಅಂತೇನಿಲ್ಲ ಕಣೋ," ಎನ್ನುತ್ತಿದ್ದ ನೇರಿಯೊ. "ಪಾದ್ರಿ ಮದುವೆ ಮಾಡ್ಸಲ್ವಾ?"

ಅಂಥ ನೇರಿಯೊನ ಅಂಗಡಿಗೆ ಏಪ್ರಿಲಿನ ಒಂದು ಸಂಜೆ ಮಗಳು ಮಿರ್ಕಾ ಓಡಿಕೊಂಡೇ ಬಂದಳು. ಮಕ್ಕಳ ವಾರ್ಡಿನಲ್ಲಿ ನರ್ಸು ಅವಳು. ಡ್ಯೂಟಿಯ ಉಡುಪಿನಲ್ಲೇ ಬಂದಿದ್ದಳು, ಜೇಬಿನಲ್ಲಿ ಯಾವುದೋ ಮಗುವಿಗೆ ತೋರಿಸಿದ ರಬ್ಬರಿನ ಬಾತುಕೋಳಿ ಇಣುಕುತ್ತಿತ್ತು.

"ಅಪ್ಪಾ, ಅವ್ರು ಬರ್ತಿದಾರೆ! ಅನಿಯೆಲ್ಲೊನ ಅಪ್ಪ ಅಮ್ಮ. ನೋಡೋಕೆ ಬರ್ತಿದಾರೆ."

"ನಿನ್ನನ್ನ ನೋಡಿದಾರಲ್ಲ?"

"ನನ್ನನ್ನಲ್ಲ ಅಪ್ಪಾ. ಊರನ್ನ."

ನೇರಿಯೊ ಕತ್ತರಿ ಕೆಳಗಿಟ್ಟ. ವಿಷಯವೇನೆಂದು ಅವನಿಗೆ ಗೊತ್ತಿತ್ತು. ಮಿರ್ಕಾ ಮದುವೆಯಾಗುವ ಹುಡುಗ ಅನಿಯೆಲ್ಲೊ ರೈಲ್ವೆಯಲ್ಲಿ ಕೆಲಸಕ್ಕೆಂದು ಬಂದು ಇಲ್ಲಿಯವನೇ ಆಗಿಬಿಟ್ಟಿದ್ದ. ಆದರೆ ಅವನ ತಾಯಿ ನುನ್ಸಿಯಾ ನೇಪಲ್ಸಿನ ಪಕ್ಕದ ಪೊತ್ಸುವೊಲಿಯವಳು. ಮದುವೆ ಅಲ್ಲೇ, ಸಮುದ್ರದೆದುರಿನ ಛತ್ರದಲ್ಲೇ ಆಗಬೇಕು ಎಂದು ಅವಳ ಹಠ. ಬೊಲೊನ್ಯಾದಲ್ಲಿ ಮಾಡಿದರೆ ತನ್ನ ಕಡೆಯವರು ಹಸಿದುಕೊಂಡು ರೈಲು ಹತ್ತುತ್ತಾರಂತೆ. ಸಮುದ್ರವಿಲ್ಲದ ಊರಲ್ಲಿ ಅದೆಂಥ ಊಟವಂತೆ.

ನೇರಿಯೊಗೆ ಇದ್ದದ್ದು ಒಂದೇ ಆಸೆ. ಮಿರ್ಕಾ ಅಂಬೆಗಾಲಿಡುವಾಗ ಅಂಗಡಿಯ ಹೊಸ್ತಿಲಿಗೆ ಬಂದು, ಕಮಾನುಗಳ ಕೆಳಗೆ ಹೋಗುವ ಬರುವವರ ಕಾಲು ನೋಡುತ್ತ ಕೂರುತ್ತಿದ್ದಳು. ನಡೆಯಲು ಕಲಿತದ್ದೂ ಆ ಜಗಲಿಯ ಕಂಬದಿಂದ ಕಂಬಕ್ಕೆ. ಮದುವೆಯ ದಿನ ಅದೇ ಹೊಸ್ತಿಲಿನಿಂದ, ಅವಳ ಕೈ ತನ್ನ ತೋಳಿನಲ್ಲಿಟ್ಟುಕೊಂಡು, ಬೀದಿಯ ಜನ ಬಾಗಿಲಿಗೆ ಬಂದು ನೋಡುತ್ತಿರಲು, ಕೇರಿಯ ಚರ್ಚಿನವರೆಗೆ ನಡೆಸಿಕೊಂಡು ಹೋಗಬೇಕು. ಈ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ನೋರ್ಮಾಗೆ ಹೇಳದೆಯೇ ಗೊತ್ತಿತ್ತು.

"ಅತ್ತೆ ಹೇಳಿದಾರೆ," ಎಂದಳು ಮಿರ್ಕಾ, "ಬಂದು ಉಂಡು ನೋಡ್ತಾರಂತೆ. ತಮ್ಮ ಜನ ಉಣ್ಣೋ ಹಾಗಿದ್ರೆ ಮದುವೆ ಇಲ್ಲೇ ಆಗ್ಲಿ ಅಂದ್ರು. ಇಲ್ದಿದ್ರೆ ಅಲ್ಲೇ, ಆಮೇಲೆ ಮಾತಿಲ್ಲ."

"ಇಷ್ಟೇ ತಾನೆ!" ನೇರಿಯೊ ಎರಡೂ ಕೈ ಮೇಲೆತ್ತಿದ. ಕುರ್ಚಿಯಲ್ಲಿದ್ದ ಗಿರಾಕಿ ಬೆಚ್ಚಿ ಬಗ್ಗಿದ. "ಊಟದ ಪರೀಕ್ಷೆ! ಬೊಲೊನ್ಯಾಗೆ! ಅದೂ ಹೋಟ್ಲು ಆರಿಸೋನು ನಾನು! ಒರಿಯಾನೊ, ಕೇಳ್ಸ್ಕೊಂಡ್ಯೇನೋ?"

"ಮೂರು ಬೀದಿಗೆ ಕೇಳಿಸ್ತು."

"ಮನೇಲಿ ನಾನೇ ಮಾಡ್ತೀನಿ ಅಂತ ನಿಮ್ಮಮ್ಮ ಅಂದ್ರೆ?" ಎಂದ ನೇರಿಯೊ ಮಗಳಿಗೆ.

"ಅತ್ತೆ ಬೇಡ ಅಂದ್ರು. ಮನೆ ಊಟ ಎಲ್ಲಾ ಊರಲ್ಲೂ ಚೆನ್ನಾಗಿರುತ್ತಂತೆ. ಊರು ಹೇಗೆ ಉಣ್ಣುತ್ತೆ ನೋಡ್ಬೇಕಂತೆ."

"ಸರಿಯಾಗಿ ಹೇಳಿದಾರೆ ಬೀಗಿತಿ! ಯಾವತ್ತು ಬರ್ತಾರೆ?"

"ಭಾನುವಾರ ಸಂಜೆ. ಸೋಮವಾರ ಸಂಜೆ ವಾಪಸ್ಸು. ಮಾವಂದು ಮೀನಿನಂಗಡಿ ಅಲ್ವಾ. ಸೋಮವಾರ ಮಾತ್ರ ರಜ."

ಒರಿಯಾನೊ ಪತ್ರಿಕೆಯನ್ನು ಮೆಲ್ಲಗೆ ಮಡಚಿದ.

"ಸೋಮವಾರ," ಎಂದ ಅವನು. "ಮಾರಾಯ, ನಿನ್ನ ಬೀಗರು ಒಳ್ಳೇ ದಿನ ಆರಿಸಿದಾರೆ."

ನೇರಿಯೊ ಎದೆಗುಂದುವವನಲ್ಲ. ಆ ವಾರವೆಲ್ಲ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಫೋನು. ಮೊದಲು ಲೆಯಾರ್ಕೊ.

"ಲೆಯಾರ್ಕೊ, ಸೋಮವಾರ ಮಧ್ಯಾಹ್ನ ಆರು ಜನಕ್ಕೆ ಮೇಜು. ನನ್ನ ಮಗಳ ಬಾಳಿನ ಪ್ರಶ್ನೆ."

"ನೇರಿಯೊ, ನೀನು ಸೋಮವಾರ ಅಂಗಡಿ ತೆಗೀತೀಯಾ?"

"ಎಲ್ಲಾದ್ರೂ ಉಂಟಾ? ಸೋಮವಾರ ಯಾರಾದ್ರೂ ತೆಗೀತಾರಾ?"

"ಮತ್ತೆ?"

ಎರಡನೆಯವನೂ ಹಾಗೇ ಅಂದ. ಮೂರನೆಯವಳು ಊರಿಗೆ ಹೋಗುತ್ತೇನೆಂದಳು. ನಾಲ್ಕನೆಯವನು, "ಭಾನುವಾರ ರಾತ್ರೀನೂ ನಾವ್ಯಾರೂ ತೆಗೆಯಲ್ಲ. ಮಧ್ಯಾಹ್ನ ಬಾ, ರಾಜೋಪಚಾರ ಮಾಡ್ತೀನಿ," ಎಂದ. ಭಾನುವಾರ ಮಧ್ಯಾಹ್ನ ಬೀಗರು ರೈಲಿನಲ್ಲಿರುತ್ತಾರೆ. ಕೂದಲಿನ ಘಮದಿಂದ ಅವನು ಅಳೆದು ತೂಗಿ ಆರಿಸಿದ್ದ ಒಂದೊಂದು ಹೋಟೆಲೂ ಕಣ್ಣೆದುರೇ ಬಾಗಿಲು ಹಾಕಿಕೊಳ್ಳುತ್ತ ಹೋಯಿತು. ಕೊನೆಗೆ ಭಾನುವಾರ ರಾತ್ರಿಗೆ ಸಿಕ್ಕಿದ್ದು ದೊಡ್ಡ ಚೌಕದ ಬಳಿಯ ಒಂದು ಹೊಸ ಹೋಟೆಲು. ಅದರ ಅಡುಗೆಯವನು ನೇರಿಯೊನ ಬಳಿ ತಲೆ ಕೊಡುತ್ತಿರಲಿಲ್ಲ.

"ಮೂಗಿಗೆ ಸಿಗದ ಅಡುಗೆಯವನನ್ನ ನಂಬ್ತೀಯಾ?" ಎಂದು ನೋರ್ಮಾ ಕೇಳಿದಳು. ಅವಳು ಅಡುಗೆಮನೆಯ ಮೇಜಿನ ಮೇಲೆ ಹಿಟ್ಟನ್ನು ಉದ್ದನೆಯ ಲಟ್ಟಣಿಗೆಯಿಂದ ಲಟ್ಟಿಸುತ್ತಿದ್ದಳು. ತೆಳ್ಳಗೆ, ಹಿಂದಿನ ಕಿಟಕಿಯ ಬೆಳಕು ಕಾಣುವಷ್ಟು.

"ಹೊಸದು, ದೀಪ ಗೀಪ ಚೆನ್ನಾಗಿದೆ. ಅದಿರ್ಲಿ, ಇದೇನು ಮಾಡ್ತಿದೀಯಾ? ಬೀಗಿತಿ ಮನೆ ಊಟ ಬೇಡ ಅಂದಿದಾರೆ."

"ಕೈ ಸುಮ್ನಿರಲ್ಲ. ನೀನು ಫೋನು ಮಾಡು, ನಾನು ತೋರ್ತೆಲ್ಲಿನಿ ಮಡಚ್ತೀನಿ. ಬೇಡ ಅಂದ್ರೆ ನಾವೇ ತಿಂದ್ರಾಯ್ತು."

ಹಿಟ್ಟನ್ನು ಚಿಕ್ಕ ಚೌಕಗಳಾಗಿ ಕೊಯ್ದು, ನಡುವೆ ಚಿಟಿಕೆ ಹೂರಣವಿಟ್ಟು, ಕಿರುಬೆರಳಿಗೆ ಸುತ್ತಿ ಮಡಚುತ್ತ ಹೋದಳು. ಬೆರಳುಗುರಿನಷ್ಟೇ ಕಡುಬು, ಒಂದರಂತೆ ಇನ್ನೊಂದು. ಮಾತು ನಿಂತರೂ ಅವಳ ಬೆರಳು ನಿಲ್ಲಲಿಲ್ಲ.

ಭಾನುವಾರ ಸಂಜೆ ರೈಲಿನಿಂದ ಮೊದಲು ಇಳಿದದ್ದು ಒಂದು ನೀಲಿ ಐಸ್ ಪೆಟ್ಟಿಗೆ, ಅದರ ಹಿಂದೆ ಅನಿಯೆಲ್ಲೊನ ಅಪ್ಪ, ಅವರ ಊರಿನವರು ಮರ್ಯಾದೆಗೆ ಕರೆಯುವ ಹಾಗೆ ಡಾನ್ ಸಬಾತಿನೊ. ಬಾಗಿಲ ತುಂಬ ಇದ್ದ ಆಳು. ಮಾತು ಮಾತ್ರ ಕಡಿಮೆ. ಅವನ ಹಿಂದೆ ನುನ್ಸಿಯಾ. ಮಗನ ಭುಜಕ್ಕೂ ಬರದ ಎತ್ತರ, ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವ ದನಿ.

"ಬೀಗ್ರ, ಆರಾಮ ಅದೀರೇನ್ರಿ? ಏನ್ ಥಂಡಿರಿ ನಿಮ್ಮ ಊರಾಗ! ಮಿರ್ಕಾ, ಬಾ ನನ್ನ ಕೂಸ, ಎಷ್ಟ ಸೊರಗೀಯವ್ವಾ! ಅನಿಯೆಲ್ಲೊ, ನೀನೂ ಸೊರಗೀದಿ. ನಾ ಹೇಳಿದ್ದಿಲ್ಲ?"

ಅನಿಯೆಲ್ಲೊ ಇಲ್ಲಿಗೆ ಬಂದ ಮೇಲೆ ಎರಡು ಸಲ ಪ್ಯಾಂಟಿನ ಸುತ್ತಳತೆ ದೊಡ್ಡದು ಮಾಡಿಸಿದ್ದ. ಅವನು ಮೆಲ್ಲಗೆ ಬೆಲ್ಟು ಮೇಲೆಳೆದುಕೊಂಡ.

"ಆ ಪೆಟ್ಟಿಗೇಲಿ ಏನಿದೆ ಬೀಗರೇ?" ಎಂದು ನೋರ್ಮಾ ಸಬಾತಿನೊನನ್ನು ಕೇಳಿದಳು.

"ದಾರಿಗೆ ಒಂದೀಟು ಬುತ್ತಿರಿ," ಎಂದಳು ನುನ್ಸಿಯಾ, ಅವನ ಬದಲು. ಆ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕಾಗಿತ್ತು.

ಹೊಸ ಹೋಟೆಲಿನ ದೀಪ ನಿಜಕ್ಕೂ ಚೆನ್ನಾಗಿತ್ತು. ನೇರಿಯೊ ಹಬ್ಬದ ಕೋಟು ತೊಟ್ಟು, ಅಲ್ಲೇ ಹುಟ್ಟಿ ಬೆಳೆದವನಂತೆ ನಡೆದು ಹೋಗಿ, ಊಟದ ಪಟ್ಟಿಯನ್ನು ತೆರೆಯದೆಯೇ, "ಎಲ್ಲರಿಗೂ ಮೊದಲು ತೋರ್ತೆಲ್ಲಿನಿ!" ಎಂದು ಕೂಗಿದ. ಬೊಲೊನ್ಯಾದ ಮಾನವೆಲ್ಲ ಅದೊಂದು ತಟ್ಟೆಯಲ್ಲಿ. ಬಿಸಿ ಸಾರಿನಲ್ಲಿ ತೇಲುವ ಪುಟ್ಟ ಕಡುಬು, ಮೇಲೇಳುವ ಹಬೆ, ಬೀಗಿತಿಯ ಮೊದಲ ಚಮಚ...

ಬಂದದ್ದು ಬೇರೆ. ತಟ್ಟೆಯ ತುಂಬ ದಪ್ಪ ಕೆನೆ, ಆ ಕೆನೆಯೊಳಗೆ ಉಸಿರು ಕಟ್ಟಿ ಮುಳುಗಿದ ತೋರ್ತೆಲ್ಲಿನಿ, ಮೇಲೊಂದು ಎಲೆ.

ನೇರಿಯೊನ ಮುಖ ತಟ್ಟೆಯಷ್ಟೇ ಬಿಳಿಚಿತು. ನೋರ್ಮಾ ಮೇಜಿನ ಕೆಳಗೆ ಅವನ ಕಾಲು ತುಳಿದಳು. ತುಳಿದದ್ದು ಅನಿಯೆಲ್ಲೊನ ಕಾಲನ್ನು.

"ಸಾರಿಲ್ವೇನಪ್ಪಾ?" ಎಂದು ನೇರಿಯೊ ಬಡಿಸುವವನನ್ನು ಪಿಸುದನಿಯಲ್ಲಿ ಕೇಳಿದ.

"ಹೊರಗಿನೋರು ಹೀಗೇ ಕೇಳ್ತಾರೆ ಸಾರ್."

ಹೊರಗಿನವರು! ಬೊಲೊನ್ಯಾದಲ್ಲಿ ಹುಟ್ಟಿ ಬೆಳೆದ ನೇರಿಯೊ ಗ್ವಲಾಂದಿ ಹೊರಗಿನವನು!

ನುನ್ಸಿಯಾ ಎರಡು ಚಮಚ ತಿಂದು, ಮರ್ಯಾದೆಗೆ ಮೂರನೆಯದನ್ನೂ ನುಂಗಿ, ಚಮಚ ಮಗುಚಿಟ್ಟಳು. ಆಮೇಲಿನದನ್ನೂ ಹಾಗೇ ಮೂಸಿ ಬಿಟ್ಟಳು. ಕೊನೆಗೆ ಕಾಫಿ ಬಂತು. ಒಂದು ಗುಟುಕು ಕುಡಿದು ಗಂಡನ ಮುಖ ನೋಡಿದಳು. ಸಬಾತಿನೊ ತನ್ನ ಲೋಟವನ್ನು ಮುಟ್ಟಿಯೇ ಇರಲಿಲ್ಲ.

"ಬೀಗ್ರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮಗಳು ಬಂಗಾರ. ಆದ್ರ ಮದುವಿ ನಮ್ಮ ಕಡೇನ ಮಾಡೋಣು. ನಮ್ಮ ಮಂದಿ ಇದನ್ನ ಉಂಡ್ರ, ನನ್ನ ಸಾಯೂ ಮಟಾ ಆಡ್ಕೋತಾರ."

ಮಿರ್ಕಾ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಕಣ್ಣಿಗೆ ಕಟ್ಟಿದ್ದ ಆ ಜಗಲಿಯ ನಡಿಗೆ ದೂರ ಸರಿಯುತ್ತಿರಲು, ನೇರಿಯೊ ಕಾಫಿ ಲೋಟವನ್ನು ಅತ್ತಿತ್ತ ತಿರುಗಿಸತೊಡಗಿದ. ಮಾತಾಡಿದ್ದು ನೋರ್ಮಾ.

"ಬೀಗಿತಿ, ನನ್ನ ಗಂಡನ್ನ ಬೈಬೇಡಿ. ಅವನಿಗೆ ಹೋಟ್ಲು ಅಂದ್ರೇನು ಗೊತ್ತಿಲ್ಲ."

"ಏನ್ ಅಂತೀರಿ? ಊರಿಗೆಲ್ಲಾ ಹೋಟ್ಲು ಹೇಳಾಂವ ಇವ್ರ ಅಂತ ಅನಿಯೆಲ್ಲೊ ಹೇಳಿದ್ನಲ್ರಿ?"

"ಹೇಳ್ತಾನೆ. ಉಂಡಿಲ್ಲ. ಜೀವಮಾನದಲ್ಲಿ ಇವತ್ತು ಮೊದಲ ಸಲ ಈ ಊರಿನ ಹೋಟ್ಲಲ್ಲಿ ಕೂತಿದಾನೆ. ಇವನ ರಜ ಸೋಮವಾರ, ಹೋಟ್ಲಿನ ರಜಾನೂ ಸೋಮವಾರ. ಇಷ್ಟು ವರ್ಷ ಬರೀ ಅಡುಗೆಯವರ ತಲೆ ಮೂಸಿ ಮೂಸಿ ಊರಿಗೆ ಊಟ ಹಾಕ್ಸಿದಾನೆ!"

ಮೇಜು ಅದುರಿತು. ನಗುತ್ತಿದ್ದವನು ಡಾನ್ ಸಬಾತಿನೊ. ಹೊಟ್ಟೆಯಿಂದ ಎದ್ದ ನಗು ಭುಜ ಅಲುಗಿಸಿ, ಲೋಟ ಅಲುಗಿಸಿ, ಕಣ್ಣಲ್ಲಿ ನೀರಾಗಿ ಇಳಿಯಿತು.

"ನಂದೂ ಅದ ಕತಿರಿ ಬೀಗ್ರ!" ಎಂದ. ಅದು ಅವನು ಊರಿಗೆ ಕಾಲಿಟ್ಟ ಮೇಲೆ ಆಡಿದ ಮೊದಲ ಮಾತು. "ಕಡಲ ದಂಡಿ ಮ್ಯಾಲಿನ ಎಲ್ಲಾ ಹೋಟ್ಲಿಗೂ ಮೀನಾ ನಾನ ಕೊಡಾಂವ. ಯಾವ ಹೋಟ್ಲಾಗೂ ಕುಂತಿಲ್ಲ. ನನ್ನ ಸೂಟಿ ಸೋಮವಾರ. ಅವ್ರ ಸೂಟಿ ಸೋಮವಾರ. ಅಂಗಡ್ಯಾಗ ಮಂದಿ ಕೇಳ್ತಾರ, ಡಾನ್ ಸಬಾತಿ, ಎಲ್ಲಿ ಉಣ್ಣೂಣು ಅಂತ. ನಾನೂ ಹೇಳ್ತೀನ್ರಿ! ಯಾಂವ ತಾಜಾ ಮೀನಾ ಒಯ್ತಾನ, ಅಂವನ ಹೆಸರ ಹೇಳ್ತೀನಿ!"

ನೇರಿಯೊ ಎದ್ದು ಹೋಗಿ ಅವನನ್ನು ತಬ್ಬಿಕೊಂಡ. ಅಷ್ಟು ದೊಡ್ಡ ಆಳಿನ ಸುತ್ತ ಅವನ ತೋಳು ಅರ್ಧಕ್ಕೇ ಮುಗಿಯಿತು.

ನುನ್ಸಿಯಾ ನಗು ತಡೆಯಲು ಸಾಕಷ್ಟು ಪ್ರಯತ್ನಪಟ್ಟಳು, ಆಗಲಿಲ್ಲ. "ಇಬ್ರೂ ಒಂದ ಅಚ್ಚಿನಾಗಿಂದ ಬಂದೀರಿ. ಆತ್ರಿ, ನಾಳಿಗೆ ಇನ್ನೊಂದು ಊಟ ಐತಿ. ಅದನ್ನೂ ನೋಡೇ ಮಾತಾಡೂಣು." ಅಷ್ಟಕ್ಕೇ ನೇರಿಯೊಗೆ ಹೋದ ಜೀವ ಬಂದ ಹಾಗಾಯಿತು. ಬಂದ ಜೀವಕ್ಕೆ ನೆನಪಾದದ್ದು ನಾಳೆ ಸೋಮವಾರ ಎಂಬುದು.

ಸೋಮವಾರ ಬೆಳಿಗ್ಗೆ ಅವನು ಮುಚ್ಚಿದ ಅಂಗಡಿಯೊಳಗೆ, ಗಿರಾಕಿಗಳ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ಮೇಲಿನ ಮನೆಯಿಂದ ಮೆಟ್ಟಿಲಿಳಿದು ಕೋಳಿ ಸಾರಿನ ಘಮ ಬರುತ್ತಿತ್ತು. ನೋರ್ಮಾ ಮುಂಜಾನೆಯೇ ಪಾತ್ರೆ ಇಟ್ಟಿದ್ದಳು. ಯಾರಿಗೆ ಎಂದು ಕೇಳಿದರೆ, "ಪಾತ್ರೆಗೆ," ಎಂದಿದ್ದಳು. ಇನ್ನೊಂದು ಒಲೆಯ ಮುಂದೆ ನುನ್ಸಿಯಾ ನಿಂತಿದ್ದಳು. ಮನೆಯಿಂದ ತಂದ ಪುಟ್ಟ ಪಾತ್ರೆಯಲ್ಲಿ, ಮನೆಯಿಂದ ತಂದ ಪುಡಿ ಹಾಕಿ ಕಾಫಿ ಮಾಡಿ, ಇಡೀ ಮನೆಗೆ ಕುಡಿಸಿ, ಬಾಯಿ ಮುಚ್ಚಿಸಿದ್ದಳು. ನಿಜಕ್ಕೂ ಅಂಥ ಕಾಫಿಯನ್ನು ಆ ಮನೆ ಕಂಡಿರಲಿಲ್ಲ.

ಗಾಜಿನಾಚೆ ಒರಿಯಾನೊ ಹಾದುಹೋದ. ಕಂಕುಳಲ್ಲಿ ರೊಟ್ಟಿ, ಕೈಯಲ್ಲಿ ಎಣ್ಣೆ ಹೀರಿದ ಕಾಗದದ ಪೊಟ್ಟಣ. ನೇರಿಯೊ ಗಾಜು ತಟ್ಟಿ ಕರೆದ.

"ಎಲ್ಲಿಗೋ?"

"ಇದೇನು ಕೇಳ್ತೀಯ? ಸೋಮವಾರ ನಾನೆಲ್ಲಿಗೆ ಹೋಗ್ತೀನಿ? ಬಾವಿಗೆ."

ನೇರಿಯೊ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಗಿರ್ರನೆ ಸುತ್ತು ಹೊಡೆಯಿತು.

ಬಾವಿ ಎಂದರೆ ಸಂತೆ ಬೀದಿಯ ಹಿಂದಿನ ಓಣಿಯ ಹಳೇ ವೈನಂಗಡಿ. ನೆಲದ ನಡುವೆ ಮುಚ್ಚಿದ ಬಾವಿಯ ಬಾಯಿ, ಸುತ್ತ ಉದ್ದನೆಯ ಮರದ ಮೇಜು. ಅಲ್ಲಿ ಸಿಗುವುದು ವೈನ್ ಒಂದೇ. ಒಲೆಯಿಲ್ಲ, ಅಡುಗೆಯವನಿಲ್ಲ, ಉಣ್ಣುವವರು ಬುತ್ತಿ ತಾವೇ ತರಬೇಕು. ಊರೆಲ್ಲ ಪೊಟ್ಟಣ, ಡಬ್ಬಿ, ಪಾತ್ರೆ ಹಿಡಿದು ಅಲ್ಲಿಗೆ ಹೋಗಿ, ವೈನ್ ಕೊಂಡು, ಒಂದೇ ಮೇಜಿಗೆ ಕೂತು ಉಣ್ಣುವುದು ಅಜ್ಜಂದಿರ ಕಾಲದ ರೂಢಿ. ಅಡುಗೆಯವನಿಲ್ಲದ ಜಾಗ ನೇರಿಯೊನ ಲೆಕ್ಕಕ್ಕೆ ಬಂದಿರಲೇ ಇಲ್ಲ. ಮೂಸಲು ತಲೆಯೇ ಇಲ್ಲವಲ್ಲ! ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟ. "ನೋರ್ಮಾ, ಪಾತ್ರೆಗೆ ಬಟ್ಟೆ ಸುತ್ತು! ಬೀಗಿತಿ, ಊರು ಹೇಗೆ ಉಣ್ಣುತ್ತೆ ನೋಡ್ಬೇಕು ಅಂದ್ರಲ್ಲ? ಬನ್ನಿ, ತೋರಿಸ್ತೀನಿ. ಆ ನೀಲಿ ಪೆಟ್ಟಿಗೇನೂ ತನ್ನಿ."

"ಅದು ದಾರಿ ಬುತ್ತಿರಿ," ಎಂದಳು ನುನ್ಸಿಯಾ, ಕೆನ್ನೆ ಕೆಂಪಾಗುತ್ತ.

"ಬುತ್ತಿ ಇಲ್ದೆ ಅಲ್ಲಿ ಒಳಗೇ ಬಿಡಲ್ಲ."

ಹೀಗೆ ಮೆರವಣಿಗೆ ಹೊರಟಿತು. ಮುಂದೆ ನೇರಿಯೊ, ದಪ್ಪ ಟವೆಲು ಸುತ್ತಿ ಗಂಟು ಹಾಕಿದ ಸಾರಿನ ಪಾತ್ರೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು. ಅವನ ತೋಳು ಹಿಡಿದು ಮಿರ್ಕಾ, ಪಾತ್ರೆ ಅಲುಗದಂತೆ. ಹಿಂದೆ ಹಿಟ್ಟು ಉದುರಿಸಿದ ತಟ್ಟೆಯಲ್ಲಿ ತೋರ್ತೆಲ್ಲಿನಿ ಹೊತ್ತ ನೋರ್ಮಾ, ಚಿಕ್ಕ ಗ್ಯಾಸ್ ಒಲೆ ಹಿಡಿದ ಒರಿಯಾನೊ, ನೀಲಿ ಪೆಟ್ಟಿಗೆಯ ಎರಡು ತುದಿಗೆ ಸಬಾತಿನೊ ಮತ್ತು ಅನಿಯೆಲ್ಲೊ, ಕೊನೆಗೆ ಕಾಫಿ ಪಾತ್ರೆಯ ಜೊತೆ ನುನ್ಸಿಯಾ. ಹೊಸ್ತಿಲು ದಾಟುತ್ತಿದ್ದಂತೆ ಮಳೆ ಸುರಿಯತೊಡಗಿತು. ಬೀದಿಯ ಕಲ್ಲಿನ ಮೇಲೆ ನೀರು ಪುಟಿಯುತ್ತಿತ್ತು. ಕಮಾನುಗಳ ಕೆಳಗೆ ಇವರ ಮೇಲೆ ಒಂದು ಹನಿಯೂ ಬೀಳಲಿಲ್ಲ.

ರೊಟ್ಟಿಯಂಗಡಿಯವಳು ಬಾಗಿಲಿಗೆ ಬಂದಳು. "ಏನು ನೇರಿಯೊ, ಮದುವೆ ದಿಬ್ಬಣಾನಾ?"

"ಅಭ್ಯಾಸ!" ಎಂದ ನೇರಿಯೊ. ಹೇಳಿದ ಮೇಲೆ ಅವನಿಗೇ ಹೌದೆನಿಸಿತು. ಮಗಳ ಕೈ ಅವನ ತೋಳಿನಲ್ಲಿತ್ತು. ಅದೇ ಕಂಬಗಳು, ಅದೇ ತಿರುವು. ಎದುರಿಗೆ ಕೇರಿಯ ಚರ್ಚಿನ ಬಾಗಿಲು ಹತ್ತಿರವಾಗಿ, ಪಕ್ಕಕ್ಕೆ ಬಂದು, ಹಿಂದೆ ಸರಿಯಿತು. ಅವನು ಪಾತ್ರೆಯ ಗಂಟಿನ ಕಡೆಗೇ ಕಣ್ಣು ನೆಟ್ಟು ನಡೆದ. ಟವೆಲಿನ ಮೂಲಕ ಬಿಸಿ ಎದೆಗೆ ತಾಗುತ್ತಿತ್ತು.

ಹಿಂದಿನಿಂದ ನುನ್ಸಿಯಾಳ ದನಿ ಬಂತು. "ಚರ್ಚಿನ ಮಟಾ ಹಿಂಗ ಚಾವಣಿ ಐತೇನ್ರಿ ಮ್ಯಾಲೆ?"

"ಹೌದು ಬೀಗಿತಿ. ನಮ್ಮ ಬಾಗ್ಲಿಂದ ಚರ್ಚಿನ ಬಾಗ್ಲವರ್ಗೂ ಹೀಗೇ," ಎಂದಳು ನೋರ್ಮಾ.

"ನನ್ನ ಮದುವಿ ದಿನ ಹಿಂಗ ಮಳಿರಿ. ಸೆರಗೆಲ್ಲಾ ರಾಡಿ ಆತು. ಮುಸುಕು ಹಾರಿ ಮೀನಿನ ದೋಣ್ಯಾಗ ಬಿತ್ತು. ಇಂವ," ಎಂದು ಗಂಡನ ಬೆನ್ನು ತೋರಿಸಿದಳು, "ಬೂಟು ಕಳದ ನೀರಾಗ ಇಳಿದು ತಂದ. ಚರ್ಚಿನ ತುಂಬ ಮೀನದ್ದ ವಾಸನಿ." ಆಮೇಲೆ ತಲೆಯೆತ್ತಿ ಕಮಾನುಗಳನ್ನೇ ನೋಡುತ್ತ ನಡೆದಳು.

ಬಾವಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮುದುಕರು ಇಸ್ಪೀಟು ಸರಿಸಿ ಮೇಜು ಬಿಟ್ಟುಕೊಟ್ಟರು. ಒಲೆ ಹೊತ್ತಿಸಬಹುದೇ ಎಂದು ನೋರ್ಮಾ ಕೇಳಿದಾಗ ಅಂಗಡಿಯವನು, "ಸಾರಿಗಾದ್ರೆ ಬಾವಿ ಮೇಲೆ ಇಡಮ್ಮಾ, ನನಗೊಂದು ಬಟ್ಟಲು ಕೊಟ್ರೆ ಆಯ್ತು," ಎಂದ. ನುನ್ಸಿಯಾ ನೀಲಿ ಪೆಟ್ಟಿಗೆ ತೆರೆದಳು. ಅದರಿಂದ ಹೊರಬಂದದ್ದನ್ನು ನೋಡಲು ಅಕ್ಕಪಕ್ಕದ ಮೇಜಿನವರು ಕತ್ತು ಚಾಚಿದರು. ನೀರಿನಲ್ಲಿ ತೇಲುವ ಎಮ್ಮೆ ಹಾಲಿನ ಮೊಝರೆಲ್ಲಾ ಚೀಸಿನ ಉಂಡೆಗಳು, ನಿಂಬೆ ಹಿಂಡಿದ ಆಕ್ಟೋಪಸ್, ಎಣ್ಣೆಯಲ್ಲಿ ಬಾಡಿಸಿದ ಕಹಿಸೊಪ್ಪು, ಇಡೀ ರಾತ್ರಿ ಕುದಿಸಿದ ಮಾಂಸದ ಕೆಂಪು ಗೊಜ್ಜು ರಾಗೂ, ರಮ್ಮಿನಲ್ಲಿ ನೆನೆದ ಸಿಹಿ ಬನ್ನು.

"ಇದು ದಾರಿ ಬುತ್ತೀನಾ?" ಎಂದ ಒರಿಯಾನೊ. "ದಾರಿ ಎಲ್ಲೀವರೆಗೆ, ನಾರ್ವೆಗಾ?"

"ಸುಮ್ನ ಉಣ್ರಿ ನೀವು. ಬಕ್ಕತಲಿಯವ್ರಿಗೆ ಹಸಿವಿ ಭಾಳ."

ನೋರ್ಮಾ ಸಾರು ಬಡಿಸಿದಳು. ನುನ್ಸಿಯಾ ಒಂದು ಚಮಚ ಬಾಯಿಗಿಟ್ಟಳು. ನೇರಿಯೊ ತನ್ನ ಬಟ್ಟಲನ್ನು ಮುಟ್ಟದೆ ಅವಳ ತುಟಿಯನ್ನೇ ನೋಡುತ್ತಿದ್ದ. ಎರಡನೆಯ ಚಮಚ. ಮೂರನೆಯದು. ಅವಳು ಬಟ್ಟಲನ್ನೇ ಎತ್ತಿ ಕುಡಿದು, ತಳ ಖಾಲಿ ಮಾಡಿ, ನೋರ್ಮಾಳ ಕೈ ಹಿಡಿದುಕೊಂಡು ಅವಳ ಕಿರುಬೆರಳನ್ನು ತಿರುಗಿಸಿ ನೋಡಿದಳು.

"ಈ ಬೆರಳೀಲೆ ಮಡಚಿದ್ರೇನು? ಒಂದೊಂದ?"

"ಒಂದೊಂದೇ."

"ಅವ್ವಾ! ನಿನ್ನೆ ಆ ಹಾಲಿನ ಕೆಸರಾಗ ಇದನ್ನ ಮುಳಗಿಸಿದ್ರಲ್ರಿ ಅವ್ರು! ಇನ್ನೊಂದ ಬಟ್ಲ ಹಾಕ್ರಿ."

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಒಂದು ಗುಂಗುರು ತಲೆ ಎದ್ದಿತು. ಲೆಯಾರ್ಕೊ! ಅವನ ಆಚೆಗೆ, ಫೋನಿನಲ್ಲಿ ಇಲ್ಲವೆಂದಿದ್ದ ಎರಡನೆಯವನು, ನಾಲ್ಕನೆಯವನು. ಹೋಟೆಲುಗಳಿಗೆ ರಜೆಯೆಂದರೆ ಅಡುಗೆಯವರಿಗೆ ಬಾವಿ. ವಾರವೆಲ್ಲ ಊರಿಗೆ ಬಡಿಸಿದವರು ಸೋಮವಾರ ಇಲ್ಲಿ ಕೂತು, ಬೇರೆಯವರು ಮಾಡಿದ್ದನ್ನು ಆಸೆಯಿಂದ ಉಣ್ಣುತ್ತಿದ್ದರು.

"ಅಮ್ಮಾ, ಆ ರಾಗೂ ಸ್ವಲ್ಪ..." ಎಂದ ಲೆಯಾರ್ಕೊ, ರೊಟ್ಟಿಯ ತುಂಡು ಮುಂದೆ ಚಾಚಿ. ನುನ್ಸಿಯಾ ಅದ್ದಿ ಕೊಟ್ಟಳು. ಅವನು ಕಣ್ಣು ಮುಚ್ಚಿ ಅಗಿದ. "ಅಯ್ಯೋ ನೇರಿಯೊ, ಇವ್ರನ್ನ ಹೋಟ್ಲಿಗೆ ಕರ್ಕೊಂಡು ಹೋಗಿದ್ಯಂತೆ! ಹುಚ್ಚಾ ನಿನಗೆ? ಮದುವೆ ಯಾವಾಗ?"

"ಅದೇ ಪ್ರಶ್ನೆ," ಎಂದ ನೇರಿಯೊ ಬಾಡಿದ ದನಿಯಲ್ಲಿ. "ಯಾವಾಗ ಅಲ್ಲ, ಎಲ್ಲಿ ಅನ್ನೋದು."

"ಸೋಮವಾರ ಇಟ್ಕೋ, ನನ್ನ ಹೋಟ್ಲು ಖಾಲಿ. ಪೂರಾ ನಿಂದೇ. ಬಾಗ್ಲು ಮುಚ್ಚಿ ನಿಮ್ಮೋರಿಗೆ ಮಾತ್ರ ಬಡಿಸ್ತೀನಿ. ಸಾರು ನಂದು, ಈ ರಾಗೂ ಈ ತಾಯೀದು. ಇವ್ರೆಲ್ಲ," ಎಂದು ಆಚೀಚಿನ ಅಡುಗೆಯವರ ಕಡೆ ಕೈ ಬೀಸಿದ, "ಬಂದು ಕೈ ಹಾಕ್ತಾರೆ. ನಿನ್ನ ಮಗಳ ಮದುವೆಗೆ ಹೊರಗೆ ನಿಂತು ಮೂಸ್ತೀವಾ?"

"ಸೋಮವಾರ ಯಾರಾದ್ರೂ ಮದುವೆ ಮಾಡ್ತಾರಾ?" ಎಂದಳು ಮಿರ್ಕಾ.

ಎಲ್ಲರೂ ನುನ್ಸಿಯಾಳ ಕಡೆ ನೋಡಿದರು. ಅವಳು ಸಬಾತಿನೊನ ಕಡೆ ನೋಡಿದಳು. ಸಬಾತಿನೊ ತುಟಿಯ ಮೇಲಿನ ಸಾರನ್ನು ಒರೆಸಿಕೊಂಡು, ಅವಸರವಿಲ್ಲದೆ ಹೇಳಿದ.

"ನಮ್ಮ ಬಳಗ ಎಲ್ಲಾ ಮೀನಾ ಮಾರಾವ್ರು. ಶನಿವಾರ ಮದುವಿ ಅಂದ್ರ ಅರ್ಧ ಮಂದಿ ಅಂಗಡಿ ಬಿಟ್ಟ ಬರಂಗಿಲ್ಲ. ಸೋಮವಾರ ಅಂದ್ರ ಎಲ್ಲಾರೂ ಬರ್ತಾರ. ನಾನೂ ಒಂದ ದಿನ ಹೋಟ್ಲಾಗ ಕುಂತ ಉಣ್ಣಬೇಕಲ್ಲ ನುನ್ಸಿ."

"ಸಮುದ್ರ?" ಎಂದಳು ಅವಳು. ಆದರೆ ಆ ದನಿಯಲ್ಲಿ ಹಠವಿರಲಿಲ್ಲ.

"ಸಮುದ್ರಾ ನಿನ್ನ ಮುಸುಕಾ ಕೆಡಿಸಿದ್ದ ಸಾಕ."

ನುನ್ಸಿಯಾ ಬಾಗಿಲಾಚೆಗಿನ ಮಳೆಯನ್ನು ಒಮ್ಮೆ ನೋಡಿದಳು. ಆಮೇಲೆ ಮಿರ್ಕಾಳ ಕೆನ್ನೆ ಸವರಿ, "ಕೂಸಿನ ಸೆರಗಿಗೆ ರಾಡಿ ಹತ್ತಬಾರ್ದು," ಎಂದಳು. "ಆತು. ಇಲ್ಲೇ ಆಗ್ಲಿ. ಆದ್ರ ಕಾಫಿ ನಂದು! ಅದಕ್ಕ ಯಾರೂ ಕೈ ಹಚ್ಚಬಾರ್ದು!"

ಇಡೀ ಬಾವಿ ಚಪ್ಪಾಳೆ ತಟ್ಟಿತು. ಇಸ್ಪೀಟಿನ ಮುದುಕರು ಮೇಜು ಗುದ್ದಿದರು. ಒರಿಯಾನೊ ತನ್ನ ಬೋಳುತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಮದುಮಗಳ ಹಾಗೆ ನಡೆದು ತೋರಿಸಿದ. ನೇರಿಯೊ ಮಾತ್ರ ಆರಿಹೋಗಿದ್ದ ತನ್ನ ಸಾರಿಗೆ ಚಮಚ ಹಾಕಿದ. ನೋರ್ಮಾ ಅವನ ಬಟ್ಟಲು ಎಳೆದುಕೊಂಡು, ಬಿಸಿ ಸಾರು ಸುರಿದು, ಮತ್ತೆ ಅವನ ಮುಂದಿಟ್ಟಳು.

ಸಂಜೆ ರೈಲು ಹೊರಡುವ ಮೊದಲು ನುನ್ಸಿಯಾ ಡಬ್ಬಿಯ ಬಾಗಿಲಲ್ಲಿ ನಿಂತು, ಬಟ್ಟೆ ಸುತ್ತಿದ್ದ ಕಾಫಿ ಪಾತ್ರೆಯನ್ನು ನೋರ್ಮಾಳ ಕೈಗಿಟ್ಟಳು. "ಇದನ್ನ ಇಲ್ಲೇ ಇಟ್ಕೊಳ್ರಿ. ಜೂನಿನಾಗ ಮದುವಿಗೆ ಮತ್ತ ಹೊತ್ಕೊಂಡ ಬರಾಕ ಆಗಂಗಿಲ್ಲ. ಸಾಬೂನು ಹಚ್ಚಿ ತೊಳೀಬ್ಯಾಡ್ರಿ, ಮತ್ತ! ಬರೇ ನೀರು." ನೀಲಿ ಪೆಟ್ಟಿಗೆ ಈಗ ಖಾಲಿಯಾಗಿರಲಿಲ್ಲ, ಮೊರ್ತದೆಲ್ಲಾ ಎಂಬ ಒಂದು ದಪ್ಪ ಹಂದಿಮಾಂಸದ ಸಾಸೇಜು, ಒಂದು ಗಟ್ಟಿ ಚೀಸು, ನೋರ್ಮಾ ಉಳಿಸಿದ್ದ ತೋರ್ತೆಲ್ಲಿನಿ ಅದರೊಳಗೆ ಕೂತಿದ್ದವು. ಎತ್ತಲು ಮತ್ತೆ ಇಬ್ಬರು ಬೇಕಾದರು.

ರೈಲು ಹೋದ ಮೇಲೆ ನೇರಿಯೊ, ನೋರ್ಮಾ ಇಬ್ಬರೇ ಕಮಾನುಗಳ ಕೆಳಗೆ ಮನೆಯತ್ತ ನಡೆದರು. ಮಳೆ ನಿಂತು ಬೀದಿ ಮಿನುಗುತ್ತಿತ್ತು. ನೇರಿಯೊಗೆ ಕಾಲು ನೆಲದ ಮೇಲಿರಲಿಲ್ಲ. ಚರ್ಚಿನ ಮುಂದೆ ನಿಂತು, ಹೊಸ್ತಿಲಿನಿಂದ ಇಲ್ಲಿಯವರೆಗೆ ಕಂಬಗಳನ್ನು ಕಣ್ಣಲ್ಲೇ ಅಳೆದ.

"ನೋರ್ಮಾ," ಎಂದ, "ಬಿಡು, ಇವತ್ತು ನೀನು ಒಲೆ ಹಚ್ಚಬೇಡ. ನಾವಿಬ್ರೂ ಎಲ್ಲಾದ್ರೂ ಒಳ್ಳೇ ಹೋಟ್ಲಿಗೆ ಹೋಗಿ ಉಣ್ಣೋಣ. ಎಲ್ಲಿ ಚೆನ್ನಾಗಿರುತ್ತೆ ಅಂತ ನಂಗೊತ್ತು."

ನೋರ್ಮಾ ಕಾಫಿ ಪಾತ್ರೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅವನ ತೋಳು ಹಿಡಿದಳು.

"ಇವತ್ತು ಸೋಮವಾರ ಕಣೋ," ಎಂದಳು.